ತೂಕದ ದಿನ, ಬೆಂಗ್ರೆ

ಫೋನಿನಲ್ಲಿ ಬಜೆಟ್ ಓದುತ್ತಿದ್ದರು,
ನಾನು ಮೊಟ್ಟೆ ಸುಲಿಯುತ್ತಿದ್ದೆ.
ಮೂವತ್ತೊಂದು ಮೊಟ್ಟೆ. ಕಡವು ದಾಟುವಾಗಲೇ
ಒಂದು ಒಡೆದಿತ್ತು.
ಬಂದರಿನ ಅಂಗಡಿಯಲ್ಲಿ ಒಂದಕ್ಕೆ ಏಳೂವರೆ,
ಇಲಾಖೆಯ ಕಾಗದದಲ್ಲಿ ಆರು.
ನಡುವಿನ ಒಂದೂವರೆ ರೂಪಾಯಿ
ಆಚೆ ದಡದ್ದಲ್ಲ, ಈಚೆಯದ್ದೂ ಅಲ್ಲ,
ಹೊಳೆಯ ಮಧ್ಯದ್ದು.
ಅದನ್ನು ನನ್ನ ಪರ್ಸಿನಿಂದ ದಾಟಿಸುತ್ತೇನೆ.

ಮಹಿಳೆಯರಿಗೆ, ಮಕ್ಕಳಿಗೆ ಅಂದರು. ಒಂದು ಅಂಕಿ ಹೇಳಿದರು.
ಮೇಜು ಕುಟ್ಟಿದ ಸದ್ದು.
ಸೆವ್ರಿನ್ ಬಾಯಿ ಸೌಟು ಹಿಡಿದೇ ಕೇಳಿದಳು:
"ಅದರಲ್ಲಿ ಎಷ್ಟು ಸೊನ್ನೆ ಉಂಟು ಟೀಚರೇ?"
ಹಲಗೆಯ ಮೇಲೆ ಬರೆದು ತೋರಿಸಿದೆ.
ಸೊನ್ನೆ ಕಂಡದ್ದೇ ಧನ್ವಿತ್ "ಮೊಟ್ಟೆ!" ಅಂದ.
ಅಫ್ರಾ ಎದ್ದು ಬಂದು ಎಣಿಸಿದಳು:
ಒಂದು, ಎರಡು, ಏಳು, ಹತ್ತು.

ಆ ಅಂಕಿ ಬೆಂಗಳೂರಿಂದ ಹೊರಡುವಾಗ
ಅದಕ್ಕೆ ಹೆಸರಿರುವುದಿಲ್ಲ, ನಂಬರು ಮಾತ್ರ:
ಎರಡು ಎರಡು ಮೂರು ಐದು,
ಸೊನ್ನೆ ಎರಡು, ನೂರ ಎರಡು.
ಲೆಕ್ಕ ಶೀರ್ಷಿಕೆ ಅದು. ಮಕ್ಕಳ ಕಲ್ಯಾಣ ಅಂತ ಅರ್ಥ.
ದಾರಿಯಲ್ಲಿ ಖಜಾನೆ ಪ್ರಶ್ನೆ ಹಾಕುತ್ತದೆ,
ಉತ್ತರ ಹೋಗುತ್ತದೆ, ಉತ್ತರಕ್ಕೆ ಮತ್ತೊಂದು ಪ್ರಶ್ನೆ,
ಮಾರ್ಚ್ ಕೊನೆಗೆ ಏದುಸಿರು ಬಿಡುತ್ತಾ ಓಡಿ ಬರುತ್ತದೆ:
ಮೂವತ್ತೊಂದರೊಳಗೆ ಖರ್ಚು ಮಾಡಿ, ಇಲ್ಲದಿದ್ದರೆ ವಾಪಸು.
ಹೋದ ವರ್ಷ ಹಾಗೆ ಬಂದದ್ದು
ಪ್ಲಾಸ್ಟಿಕ್ಕಿನ ಜಾರುಬಂಡಿ.
ಇಡಲು ಜಾಗ ಇಲ್ಲ, ಈಗ ಅದರ ಮೇಲೆ
ಒದ್ದೆ ಚಡ್ಡಿಗಳು ಒಣಗುತ್ತವೆ.
ಕೋಣೆಯ ಬಾಡಿಗೆ ಏಳು ತಿಂಗಳಿಂದ ಬರಲಿಲ್ಲ.
ಧಣಿ ಇದಿನಬ್ಬ ಬಾಯಿಬಿಟ್ಟು ಕೇಳುವುದಿಲ್ಲ,
ನನ್ನನ್ನು ಕಂಡರೆ ಸಮುದ್ರ ನೋಡುತ್ತಾರೆ.

ನನಗೆ ಸಿಗುವುದಕ್ಕೆ ಸಂಬಳ ಅನ್ನಬಾರದು, ಗೌರವಧನ.
ಗೌರವ ಸಮಯಕ್ಕೆ ಸರಿಯಾಗಿ ಬರುತ್ತದೆ,
ವೇದಿಕೆಗೆ ಕರೆದು ಶಾಲು ಹೊದೆಸುತ್ತಾರೆ.
ಧನ ಎರಡು ತಿಂಗಳು ತಡ.

ಇವತ್ತು ತೂಕದ ದಿನ.
ಅಳಿವೆ ಬಾಗಿಲಿನ ಕಡೆ ತಿರುಗಿ ನಿಂತರೆ ಮಾತ್ರ
ಆ್ಯಪ್ ತೆರೆಯುತ್ತದೆ.
ಹುಲಿಗೆಮ್ಮ ತಕ್ಕಡಿಯ ಮೇಲೆ ನಿಲ್ಲುವುದಿಲ್ಲ.
ಕೊಪ್ಪಳದ ಕಡೆಯವಳು, ಎರಡೂವರೆ ವರ್ಷ,
ಅವ್ವ ದಕ್ಕೆಯಲ್ಲಿ ಐಸ್ ಒಡೆದು ಬುಟ್ಟಿ ಹೊರುತ್ತಾಳೆ.
ಇಳಿಸಿದರೆ ಇಡೀ ಬೆಂಗ್ರೆಗೆ ಕೇಳುವ ಹಾಗೆ ಕೂಗು.
ಎತ್ತಿಕೊಂಡು ನಾನೇ ಹತ್ತಿದೆ:
ಅರವತ್ತೆಂಟು ಕಿಲೋ ಇನ್ನೂರು ಗ್ರಾಂ.
ಆಮೇಲೆ ನಾನೊಬ್ಬಳೇ:
ಐವತ್ತೆಂಟು ಕಿಲೋ ಐನೂರು.
ನನ್ನನ್ನು ಕಳೆದರೆ ಉಳಿಯುವುದು ಅವಳು,
ಒಂಬತ್ತು ಕಿಲೋ ಏಳುನೂರು. ಹಳದಿ ಬಣ್ಣ.
ಹದಿನೆಂಟು ವರ್ಷ ಆಯ್ತು ಈ ಕೆಲಸಕ್ಕೆ,
ಮಕ್ಕಳ ತೂಕ ಸಿಗಲಿ ಅಂತ
ಎಷ್ಟು ಸಲ ನನ್ನನ್ನು ಕಳೆದಿದ್ದೇನೋ.
ಹಾಗೆ ಮಾಡದಿದ್ದರೆ ಲೆಕ್ಕ ಸರಿ ಬರುವುದಿಲ್ಲ.

ನಾಲ್ಕಕ್ಕೆ ಬಾಗಿಲು ಹಾಕಬೇಕು.
ಆಚೆ ದಡದಲ್ಲಿ ದೋಣಿಯ ಎಂಜಿನ್ ಕೆಟ್ಟಿತಂತೆ.
ಐದು. ಐದೂವರೆ. ಆರು ದಾಟಿತು.
ಸೆವ್ರಿನ್ ಬಾಯಿ ಗಂಜಿ ಬೇಯಿಸಿ ತಂದಳು,
ಕುಚ್ಚಲಕ್ಕಿ ಅವಳ ಮನೆಯದ್ದು.
ದಾಖಲೆ ಪುಸ್ತಕ ತೆರೆದು ಕೂತೆ,
ಈ ಹೊತ್ತನ್ನು ಯಾವ ಅಂಕಣಕ್ಕೆ ಬರೆಯುವುದು?
ಹಾಜರಾತಿ ಅಲ್ಲ, ಪೂರಕ ಆಹಾರ ಅಲ್ಲ,
ಮನೆ ಭೇಟಿಯಂತೂ ಅಲ್ಲವೇ ಅಲ್ಲ.
ಎರಡು ಎರಡು ಮೂರು ಐದರ ಕೆಳಗೆ
ಮಡಿಲು ಅಂತ ಒಂದು ಶೀರ್ಷಿಕೆ
ಯಾರೂ ತೆರೆಯಲಿಲ್ಲ ಮಾರಾಯ್ತಿ.

ಫೋನಿನಲ್ಲಿ ಈಗ ಚರ್ಚೆ.
ಬೊಕ್ಕಸಕ್ಕೆ ಹೊರೆ ಅಂದರು ಒಬ್ಬರು.
ಇನ್ನೊಬ್ಬರು ಕೊಡುಗೆ ಅಂದರು.
ಹುಲಿಗೆಮ್ಮ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು,
ಒಂಬತ್ತು ಕಿಲೋ ಏಳುನೂರು
ಮತ್ತು ಗಂಜಿ.
ಹೊರೆ ಹೌದು. ಕಾಲು ಜೋಮು ಹಿಡಿದಿತ್ತು.

ಏಳಕ್ಕೆ ಹೊಳೆಯ ಮೇಲೆ ಒಂದು ಟಾರ್ಚ್ ಕಂಡಿತು,
ಯಾರದೋ ಸಣ್ಣ ದೋಣಿ.
ಅವ್ವನ ಕೈ ಐಸಿನಿಂದ ಇನ್ನೂ ಮರಗಟ್ಟಿತ್ತು,
ಮಗುವನ್ನು ಮುಟ್ಟುವ ಮೊದಲು
ಎರಡೂ ಅಂಗೈ ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡಳು.
ಆಮೇಲೆ ತೊಟ್ಟೆ ಬಿಚ್ಚಿದಳು: ನಾಲ್ಕು ಬಂಗುಡೆ.
ಬೇಡ ಅನ್ನಲಿಲ್ಲ ನಾನು.
ಎರಡು ಸೆವ್ರಿನ್ ಬಾಯಿಗೆ ಕೊಟ್ಟೆ.